ಮಹಾದೇವಯ್ಯನ ತಟ್ಟೆ

ಹಿರೇಗದ್ದೆಯಲ್ಲಿ ಯಾರಾದರೂ ಕಣ್ಣು ಮುಚ್ಚಿದರೆ ಮೊದಲ ಫೋನು ನೆಂಟರಿಗೆ ಹೋಗುತ್ತಿತ್ತು, ಎರಡನೆಯದು ಕಲ್ಯಾಣಮ್ಮನಿಗೆ. ಕಲ್ಯಾಣಮ್ಮ ನಾಡಿ ನೋಡುವವಳಲ್ಲ, ಸತ್ತವರ ಮನೆಗೆ ಹೋಗಿ ಹಾಡಿಕೊಂಡು ಅಳುವವಳೂ ಅಲ್ಲ. ಅವಳ ಮನೆಯ ಹಿಂದಿನ ಕೋಣೆಯಲ್ಲಿ, ಮೊದಲು ಕಾಫಿ ಮೂಟೆ ಇಡುತ್ತಿದ್ದ ಜಾಗದಲ್ಲಿ, ಮುನ್ನೂರು ಸ್ಟೀಲ್ ತಟ್ಟೆ, ಅಷ್ಟೇ ಲೋಟ, ಬಡಿಸಲು ಬೇಕಾದ ಬಕೆಟ್ಟು ಸೌಟುಗಳೆಲ್ಲ ಇದ್ದವು. ಬಾಡಿಗೆ ಇಲ್ಲ, ತೊಳೆದು ವಾಪಸ್ ಕೊಟ್ಟರೆ ಸಾಕು. ಮದುವೆ, ಗೃಹಪ್ರವೇಶ, ನಾಮಕರಣ, ಸೀಮಂತ ಯಾವುದಕ್ಕಾದರೂ ಕೊಡುತ್ತೇನೆ ಎಂದು ಅವಳು ಮನೆ ಮನೆಗೆ ಹೋಗಿ ಹೇಳಿ ಬಂದಿದ್ದಳು. ಊರು ಕೇಳಿಸಿಕೊಂಡಿತು, ತಲೆಯಾಡಿಸಿತು, ಬಹಳ ಒಳ್ಳೆಯ ಕೆಲಸ ಎಂದಿತು. ಆಮೇಲೆ ಶಿವಗಣಾರಾಧನೆಗೆ, ಅಂದರೆ ಸತ್ತ ಹನ್ನೊಂದನೆಯ ದಿನದ ಊಟಕ್ಕೆ ಮಾತ್ರ ಬಂದು ತೆಗೆದುಕೊಂಡು ಹೋಯಿತು.

ತಟ್ಟೆಗಳು ಅವಳ ಗಂಡ ಮಹಾದೇವಯ್ಯನ ಹೆಸರಿನವು. ಬೆಳಗೋಡಿನ ಬಸ್ಸಿಳಿದು ಒಳಗೆ ನಡೆದರೆ ಸಿಗುವ ಈ ಊರಲ್ಲಿ ಅವನು ದಿನಸಿ ಅಂಗಡಿ ಇಟ್ಟುಕೊಂಡಿದ್ದ. ಜೊತೆಗೆ ಸ್ವಲ್ಪ ಕಾಫಿ, ಹಳ್ಳದ ಪಕ್ಕ ಒಂದು ಗದ್ದೆ. ಅಂಗಡಿಯಲ್ಲಿ ಪ್ಲಾಸ್ಟಿಕ್ ಕವರ್ ಕೊಡುತ್ತಿರಲಿಲ್ಲ. ಚೀಲ ತರದೆ ಬಂದವರಿಗೆ ಸಕ್ಕರೆಯನ್ನು ಹಳೇ ಪೇಪರಿನಲ್ಲಿ ಕಟ್ಟಿ ಕೊಡುತ್ತಿದ್ದ, ಎಣ್ಣೆಗೆ ಬಾಟಲಿ ತರದವರನ್ನು ಮನೆಗೆ ವಾಪಸ್ ಅಟ್ಟುತ್ತಿದ್ದ. ಮನೆಯಲ್ಲೂ ಅದೇ ಕಾನೂನು. ಬಚ್ಚಲ ನೀರು ಕೆಸುವಿನ ಗಿಡಕ್ಕೆ, ಅಕ್ಕಿ ತೊಳೆದ ನೀರು ದನಕ್ಕೆ, ಕಾಫಿ ಸಿಪ್ಪೆ ಗೊಬ್ಬರದ ಗುಂಡಿಗೆ. ಸವೆದ ಪಂಚೆ ದಿಂಬಿನ ಚೀಲವಾಗುತ್ತಿತ್ತು, ಅದೂ ಹರಿದರೆ ನೆಲ ಒರೆಸುವ ಬಟ್ಟೆಯಾಗುತ್ತಿತ್ತು. ಊಟವಾದ ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಿನಲ್ಲಿ ತೊಳೆದು, ಆ ನೀರನ್ನೂ ಕುಡಿದುಬಿಡುತ್ತಿದ್ದ. ಹಳೇ ಲಿಂಗಾಯತರ ಮನೆಗಳಲ್ಲಿ ಹಿರಿಯರೆಲ್ಲ ಹಾಗೇ ಮಾಡುತ್ತಿದ್ದರು. ತಟ್ಟೆಗೆ ಬಿದ್ದದ್ದು ಪ್ರಸಾದ, ಅದನ್ನು ಬಿಡುವಂತಿಲ್ಲ. ಆದರೆ ಮಹಾದೇವಯ್ಯ ಇದನ್ನು ಬೇರೆಯವರ ಮದುವೆ ಪಂಕ್ತಿಯಲ್ಲೂ ಮಾಡುತ್ತಿದ್ದ. ಪಕ್ಕದವರು ಪಾಯಸ ಬಿಟ್ಟು ಎದ್ದರೆ ಹೆಸರು ಹಿಡಿದು ಕೂಗಿ ಕೂರಿಸುತ್ತಿದ್ದ.

ಇಷ್ಟಕ್ಕೆಲ್ಲ ಊರಿನವರು ಇಟ್ಟಿದ್ದ ಹೆಸರು ಒಂದೇ, ಜಿಪುಣ. "ಕವರ್ ಕೇಳಿದ್ರೆ ಕಿಡ್ನಿ ಕೇಳ್ದಂಗೆ ಆಡ್ತಾನೆ ಮಾರಾಯ" ಎಂದು ಹಾಲಿನ ಡೈರಿಯ ಸಾಲಿನಲ್ಲಿ ಯಾರೋ ಅನ್ನುವುದು, ಹಿಂದೆ ನಿಂತ ಕಲ್ಯಾಣಮ್ಮನನ್ನು ನೋಡಿ ಕೆಮ್ಮುವುದು, ಇದು ಅವಳ ಸಂಸಾರ ಶುರುವಾದಾಗಿನಿಂದ ನಡೆದುಕೊಂಡು ಬಂದದ್ದು. ಕವರ್ ಕೊಡುವ ಇನ್ನೊಂದು ಅಂಗಡಿ ಬಂದಾಗ ಗಿರಾಕಿಗಳು ಅರ್ಧಕ್ಕರ್ಧ ಅಲ್ಲಿಗೆ ಹೋದರು. ಮಹಾದೇವಯ್ಯ ತಲೆ ಕೆಡಿಸಿಕೊಳ್ಳಲಿಲ್ಲ. ತಲೆ ಕೆಡಿಸಿಕೊಂಡವಳು ಹೆಂಡತಿ.

ಅವನಿಗೆ ಕಂಡರಾಗದೇ ಇದ್ದದ್ದು ಸಮುದಾಯ ಭವನದ ಮದುವೆಗಳು. ಮೊದಲು ಬಾಳೆಲೆಯ ಊಟವಿತ್ತು. ಈ ಕಡೆಯ ಆನೆಗಳಿಗೆ ಬಾಳೆಯ ರುಚಿ ಹತ್ತಿ ಹಿತ್ತಲಿಗೇ ಬರಲು ಶುರು ಮಾಡಿದ ಮೇಲೆ ಜನ ಬಾಳೆ ಹಾಕುವುದನ್ನೇ ಬಿಟ್ಟರು. ಆಗ ಪೇಟೆಯಿಂದ ಪೇಪರಿನ ಎಲೆ ಬಂತು. ಮೇಲೆ ಪ್ಲಾಸ್ಟಿಕ್ಕಿನ ಪದರ, ಹಸಿರು ಬಣ್ಣ, ನಡುವೆ ಬಾಳೆಲೆಯದೇ ದಂಟು, ನರಗಳ ಅಚ್ಚು. ಆನೆಗಳು ಮೋಸ ಹೋಗಲಿಲ್ಲ, ದನಗಳು ಹೋದವು. ಉಂಡ ಎಲೆ, ಕುಡಿದ ಲೋಟ ಎಲ್ಲ ಭವನದ ಹಿಂದಿನ ಹಳ್ಳಕ್ಕೆ, ಹಳ್ಳದಿಂದ ಮಹಾದೇವಯ್ಯನ ಗದ್ದೆಗೆ. ನಾಟಿಗೆ ಮುಂಚೆ ಅವನು ಕೆಸರಿನಲ್ಲಿ ಬಗ್ಗಿ ಆ ವರ್ಷ ಊರಲ್ಲಿ ನಡೆದ ಮದುವೆಗಳನ್ನೆಲ್ಲ ಹೆಕ್ಕಿ ಹೆಕ್ಕಿ ಬದುವಿಗೆ ಎಸೆಯುತ್ತಿದ್ದ.

ಹೀಗಿದ್ದ ಮಹಾದೇವಯ್ಯ ಒಂದು ಬೆಳಿಗ್ಗೆ ಅಂಗಡಿಯಲ್ಲಿ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಹನ್ನೊಂದನೆಯ ದಿನ ಮೈಕು ಹಾಕಿಸಿ ಶ್ರದ್ಧಾಂಜಲಿ ಸಭೆ ನಡೆಯಿತು. ಬದುಕಿದ್ದಷ್ಟು ದಿನ ಜಿಪುಣನಾಗಿದ್ದವನು ಒಂದೇ ಮಧ್ಯಾಹ್ನದಲ್ಲಿ ಪರಿಸರ ಪ್ರೇಮಿಯಾದ, ನಿಸರ್ಗದ ಮಗನಾದ, ಮುಂದಿನ ಪೀಳಿಗೆಗೆ ಮಾದರಿಯಾದ. ಭಾಷಣ ಮುಗಿಸಿ ಎಲ್ಲರೂ ಪೇಪರ್ ಎಲೆಯ ಮುಂದೆ ಕೂತು ಹೊಟ್ಟೆ ತುಂಬ ಉಂಡರು. ಊಟದ ಏರ್ಪಾಟು ಪೂರ್ತಿ ಕಲ್ಯಾಣಮ್ಮನ ತಮ್ಮ ರಾಜಶೇಖರನದು. ಅವಳಿಗೆ ಎಲೆ ಯಾವುದು ಎಂದು ನೋಡುವ ಸ್ಥಿತಿ ಇರಲಿಲ್ಲ.

ಆದರೆ ಮಳೆ ಹಿಡಿದ ಮೇಲೆ ಗದ್ದೆಗೆ ಹೋದಾಗ ನೋಡಲೇಬೇಕಾಯಿತು. ಗಂಡನ ಶಿವಗಣಾರಾಧನೆಯ ಎಲೆಗಳು ಗಂಡನ ಗದ್ದೆಯಲ್ಲೇ ತೇಲುತ್ತಿದ್ದವು. ಕಲ್ಯಾಣಮ್ಮ ಬದುವಿನ ಮೇಲೆ ಕೂತು ಅತ್ತಳು. ಅತ್ತು ಮುಗಿದ ಮೇಲೆ ಸಿಟ್ಟು ಬಂತು, ಅಳುವಿಗಿಂತ ಸಿಟ್ಟು ಹೆಚ್ಚು ದಿನ ಉಳಿಯಿತು. ಆ ಸಿಟ್ಟಿನಲ್ಲೇ ಕಾಫಿ ಮಾರಿ ಸಕಲೇಶಪುರದ ಪಾತ್ರೆ ಅಂಗಡಿಗೆ ಹೋದಳು.

ಪಾತ್ರೆ ಕೊಂಡು ಹೆಸರು ಹಾಕಿಸದೆ ಮನೆಗೆ ತರುವವರು ಈ ಸೀಮೆಯಲ್ಲಿ ಇಲ್ಲ. ಅಂಗಡಿಯವನು ಹೆಸರು ಕೊರೆಯುವ ಯಂತ್ರ ಕೈಯಲ್ಲಿ ಹಿಡಿದು, "ಅಂಚಿಗೆ ಹಾಕ್ಲಾ ಅಮ್ಮ, ಹಿಂದ್ಗಡೆ ಹಾಕ್ಲಾ?" ಎಂದು ಕೇಳಿದ.

"ಅಂಚಿಗೆ ಹಾಕಿದ್ರೆ ಯಾರು ಓದ್ತಾರೆ? ನಡುಮಧ್ಯ ಹಾಕಿ, ದೊಡ್ಡದಾಗಿ. ಉಂಡೋರೆಲ್ಲ ನೋಡ್ಬೇಕು."

ಅವನು ಒಮ್ಮೆ ಅವಳ ಮುಖ ನೋಡಿದ, ಹೇಳಿದಷ್ಟು ಮಾಡಿದ. ಪ್ರತಿ ತಟ್ಟೆಯ ನಟ್ಟನಡುವೆ 'ಲಿಂಗೈಕ್ಯ ಮಹಾದೇವಯ್ಯನವರ ಸ್ಮರಣಾರ್ಥ' ಎಂದು ಮೂರು ಸಾಲು ಮೂಡಿತು. ಕಲ್ಯಾಣಮ್ಮನ ಲೆಕ್ಕಾಚಾರ ಸರಳವಾಗಿತ್ತು. ಜಿಪುಣ ಎಂದ ಊರು ಇನ್ನು ಮೇಲೆ ಪ್ರತಿ ಶುಭಕಾರ್ಯದಲ್ಲೂ ಅವನ ಹೆಸರು ನೋಡಿ ಕೈ ತೊಳೆಯಬೇಕು. ಗದ್ದೆಗೆ ಎಲೆ ಬರಬಾರದು, ಊರಿನ ಬಾಯಲ್ಲಿ ಅವನ ಬಗ್ಗೆ ಒಳ್ಳೆಯ ಮಾತು ಬರಬೇಕು. ಅವಳಿಗೆ ಬೇಕಾಗಿದ್ದದ್ದು ಈ ಎರಡೇ.

ಉದ್ಘಾಟನೆ ಜೋರಾಗಿ ಆಯಿತು. ಸ್ತ್ರೀಶಕ್ತಿ ಸಂಘದ ಅಧ್ಯಕ್ಷೆ ಶಿವಲೀಲಾ ಪಕ್ಕದ ಮನೆಯವಳೇ. ಅವಳೇ ಮುಂದೆ ನಿಂತು, ಹಿರೇಗದ್ದೆ ಇನ್ನು ಮೇಲೆ ಪ್ಲಾಸ್ಟಿಕ್ ಮುಕ್ತ ಎಂದು ಸಾರಿದಳು. ವೇದಿಕೆಯ ಮೇಲಿದ್ದ ಗಣ್ಯರು ಪ್ಲಾಸ್ಟಿಕ್ ಬಾಟಲಿಯ ನೀರು ಕುಡಿದು ಚಪ್ಪಾಳೆ ತಟ್ಟಿದರು. ಮೊದಲನೆಯದಾಗಿ ತಟ್ಟೆ ಒಯ್ದವರು ಮೇಲಿನಕೇರಿಯ ಹುಲಿಯಮ್ಮ ತೀರಿಕೊಂಡಾಗ ಅವಳ ಮಕ್ಕಳು. ತಟ್ಟೆಗಳು ಪಂಕ್ತಿಯಿಂದ ನೆಕ್ಕಿಟ್ಟ ಹಾಗೆ ಖಾಲಿಯಾಗಿ ಬಂದವು, ತೊಳೆಯುವ ಕೆಲಸವೂ ಹೆಚ್ಚಿರಲಿಲ್ಲ. ಕಲ್ಯಾಣಮ್ಮನಿಗೆ ಬಹಳ ಸಂತೋಷವಾಯಿತು.

ಮದುವೆ ಮನೆಯವರು ಬರಲಿಲ್ಲ. ಅವಳೇ ಹೋಗಿ ಕೇಳಿದಳು. ಅಷ್ಟು ತಟ್ಟೆ ತೊಳೆಯುವವರು ಯಾರು ಎಂದರು. ಅವಳು ಸಂಘದ ಹೆಂಗಸರನ್ನು ಸರದಿಗೆ ಒಪ್ಪಿಸಿದಳು. ಒಂದು ಬಾನಿಯಲ್ಲಿ ಎಂಜಲು ತೆಗೆಯುವುದು, ಎರಡನೆಯದರಲ್ಲಿ ಬೂದಿ ಸೀಗೆಪುಡಿ ಹಾಕಿ ಉಜ್ಜುವುದು, ಮೂರನೆಯದರಲ್ಲಿ ಜಾಲಿಸುವುದು, ಎಂಜಲು ಹಂದಿ ಸಾಕುವವರಿಗೆ, ನೀರು ಭವನದ ಹಿಂದಿನ ಗಿಡಗಳಿಗೆ. ಭಾರ ಹೊರುವವರು ಯಾರು ಎಂದರು. ಅವಳು ಜೀಪು ಗೊತ್ತು ಮಾಡಿಕೊಟ್ಟಳು. ಕ್ಯಾಟರಿಂಗ್‌ನವರು ಒಪ್ಪುವುದಿಲ್ಲ ಎಂದರು. ಕ್ಯಾಟರಿಂಗ್‌ನವರನ್ನೇ ಹೋಗಿ ಕೇಳಿದಳು, ಅವರು ಒಪ್ಪಿದರು. ಆಗ ಗಂಡಿನ ಕಡೆಯವರು ಒಪ್ಪುವುದಿಲ್ಲ ಎಂದರು. ಗಂಡಿನ ಕಡೆಯವರು ಹೆಣ್ಣಿನ ಕಡೆಯವರನ್ನು ತೋರಿಸಿದರು. ಒಂದೊಂದು ಕಾರಣವನ್ನೂ ಕಲ್ಯಾಣಮ್ಮ ಕಳೆ ಕಿತ್ತ ಹಾಗೆ ಕಿತ್ತಳು, ಅದು ಮತ್ತೊಂದು ಕಡೆ ಚಿಗುರಿತು.

ಅಷ್ಟರಲ್ಲಿ ಊರಲ್ಲಿ ಒಂದು ಹೊಸ ಮಾತು ಹುಟ್ಟಿಕೊಂಡಿತ್ತು. ಯಾರಿಗಾದರೂ ಕೆಮ್ಮು ಜಾಸ್ತಿಯಾದರೆ ಕಟ್ಟೆಯ ಮೇಲೆ ಕೂತವರು, "ಏನ್ ದ್ಯಾವಯ್ಯ, ಮಹಾದೇವಯ್ಯನ ತಟ್ಟೆ ತರ್ಸಣಾ?" ಎನ್ನುತ್ತಿದ್ದರು. ದ್ಯಾವಯ್ಯನೂ ನಗುತ್ತಿದ್ದ, ಬೇಗ ಹುಷಾರೂ ಆಗುತ್ತಿದ್ದ. ಆಸ್ಪತ್ರೆಯಿಂದ ವಾಪಸ್ ಬಂದವರನ್ನು ತಟ್ಟೆ ತಪ್ಪಿಸಿಕೊಂಡವನು ಎಂದು ಕರೆಯುತ್ತಿದ್ದರು. ಊರಿನ ಬಾಯಲ್ಲಿ ಮಹಾದೇವಯ್ಯನ ಹೆಸರು ದಿನಾ ಬರುತ್ತಿತ್ತು, ಕಲ್ಯಾಣಮ್ಮ ಬಯಸಿದ್ದೂ ಅದನ್ನೇ.

ಈ ಮಾತು ಅವಳ ಕಿವಿಗೆ ಬಿದ್ದ ದಿನ ಅವಳು ನೇರ ಶಿವಲೀಲಾಳ ಜಗಲಿಗೆ ಹೋಗಿ ಕೂತಳು. ಶಿವಲೀಲಾ ಅವರೆಕಾಯಿ ಸುಲಿಯುತ್ತಿದ್ದಳು. ಸುಲಿಯುವುದನ್ನು ನಿಲ್ಲಿಸದೆ ಹೇಳಿದಳು, "ಬೇಜಾರ್ ಮಾಡ್ಕಬ್ಯಾಡಿ ಕಲ್ಯಾಣಕ್ಕ. ತಟ್ಟೆ ಮಧ್ಯದಲ್ಲಿ ಲಿಂಗೈಕ್ಯ ಅಂತ ಐತಲ್ಲ, ಮದ್ವೆ ಮನೇಲಿ ಜನ ಹಿಂಜರೀತಾರೆ."

"ಯಾಕೆ, ಸತ್ತೋರ ಹೆಸ್ರು ಇಲ್ದೆ ಯಾರ್ ಮನೆ ಮದ್ವೆ ಆಗೈತೆ? ಲಗ್ನಪತ್ರಿಕೇಲಿ ತಾತನ ಹೆಸ್ರಿನ ಮುಂದೆ ಲಿಂಗೈಕ್ಯ ಅಂತ ಹಾಕ್ಸಲ್ವಾ?"

"ಪತ್ರಿಕೇಲಿ ಯಾರೂ ಅನ್ನ ಕಲ್ಸ್ಕಂಡು ತಿನ್ನಲ್ವಲ್ಲ ಅಕ್ಕ."

"ಹಂಗಾದ್ರೆ ನೋಡ್ತಿರು. ನನ್ನ ಮಗಳ ಮದ್ವೇಲಿ ಇದೇ ತಟ್ಟೆ. ನಾನೇ ಹಾಕಿದ್ ಮೇಲೆ ಊರು ಹಾಕ್ದೆ ಎಲ್ಲಿಗೋಯ್ತದೆ?"

ಮಗಳು ಶ್ವೇತಾ ಆಲೂರಿನ ಕಡೆ ಒಂದು ಶಾಲೆಯಲ್ಲಿ ಟೀಚರು. ಮಗ್ಗೆಯ ಹುಡುಗ ಸಂಜಯನ ಜೊತೆ ಅವಳ ಮದುವೆ ನಿಶ್ಚಯವಾಗಿತ್ತು. ಒಳ್ಳೆಯ ಜನ, ತಟ್ಟೆಯ ಸುದ್ದಿ ಕೇಳಿದಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡು, ನಿಮ್ಮಿಷ್ಟ ಎಂದಿದ್ದರು. ಬೀಗರ ಬಾಯಿಂದ ಬರುವ ನಿಮ್ಮಿಷ್ಟ ಎಂಬ ಮಾತಿನ ಅರ್ಥ ತಿಳಿಯದಷ್ಟು ಕಲ್ಯಾಣಮ್ಮ ಅಮಾಯಕಳಲ್ಲ. ಆದರೆ ಆ ದಿನ ತಿಳಿಯುವ ಮನಸ್ಸು ಅವಳಿಗಿರಲಿಲ್ಲ. ರಾಜಶೇಖರ ಒಂದು ಸಲ ಬಾಯಿ ಬಿಟ್ಟ, "ಅಕ್ಕ, ಶ್ವೇತಾ ಮುಖ ನೋಡಿಯಾದ್ರೂ..." ಅವಳು ಅವನನ್ನು ನೋಡಿದ ರೀತಿಗೆ ಮಾತು ಅಲ್ಲೇ ನಿಂತಿತು. ಅವನು ಮಾತ್ರ ತನ್ನ ಕಾರಿನ ಡಿಕ್ಕಿಯಲ್ಲಿ ಪೇಪರ್ ಎಲೆಯ ಕಟ್ಟುಗಳನ್ನು ಇಟ್ಟುಕೊಂಡೇ ಮದುವೆಗೆ ಬಂದ.

ಮದುವೆಯ ದಿನ ಸಮುದಾಯ ಭವನದ ಟೇಬಲ್ಲುಗಳ ಮೇಲೆ ಮುನ್ನೂರು ತಟ್ಟೆ ಫಳಫಳ ಹೊಳೆದವು. ಮಾಂಗಲ್ಯಧಾರಣೆ ಆಯಿತು, ಅಕ್ಷತೆ ಬಿತ್ತು, ಮೊದಲ ಪಂಕ್ತಿ ಕೂತಿತು. ಯಾರೂ ಏನೂ ಅನ್ನಲಿಲ್ಲ. ಪಲ್ಯ, ಕೋಸಂಬರಿ, ಹೋಳಿಗೆ ಎಲ್ಲ ಅಂಚಿನ ಸುತ್ತ ಬಿತ್ತು, ನಡುವೆ ಅನ್ನ ಬಿತ್ತು, ಹೆಸರು ಮುಚ್ಚಿಹೋಯಿತು. ಕಲ್ಯಾಣಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಎದೆ ತುಂಬಿ ಬಂತು. ಒಂದು ಕ್ಷಣ ಅವಳಿಗೆ ಗಂಡ ಪಂಕ್ತಿಯ ನಡುವೆ ಓಡಾಡುತ್ತಾ ಬಿಡಬೇಡಿ, ಬಿಡಬೇಡಿ ಎಂದು ಗದರುತ್ತಿದ್ದಾನೆ ಎನ್ನಿಸಿತು.

ಪಂಕ್ತಿ ಎದ್ದ ಮೇಲೆ ತಟ್ಟೆಗಳು ಹಿಂದಿನ ತೊಟ್ಟಿಯ ಹತ್ತಿರ ಬರತೊಡಗಿದವು. ಪ್ರತಿ ತಟ್ಟೆಯಲ್ಲೂ ಅನ್ನ ಉಳಿದಿತ್ತು. ಹೋಳಿಗೆ ಮುಗಿದಿತ್ತು, ಪಲ್ಯ ಮುಗಿದಿತ್ತು, ಹಪ್ಪಳದ ಚೂರೂ ಇರಲಿಲ್ಲ. ನಡುವೆ ಮಾತ್ರ ಒಂದು ಗುಪ್ಪೆ ಅನ್ನ. ಕಲ್ಯಾಣಮ್ಮ ಅಡುಗೆಯವರ ಹತ್ತಿರ ಓಡಿಹೋಗಿ ಅನ್ನ ಬೆಂದಿಲ್ಲವೇ ಎಂದು ಕೇಳಿದಳು. ಅವರು ಒಂದು ಹಿಡಿ ತೆಗೆದು ಅವಳ ಕೈಗೇ ಹಾಕಿದರು. ಅನ್ನ ಮಲ್ಲಿಗೆಯ ಹಾಗಿತ್ತು.

ಎರಡನೆಯ ಪಂಕ್ತಿಯಲ್ಲಿ ಸಂಜಯನ ಅಜ್ಜಿ ಬಸಮ್ಮ ಕೂತಿದ್ದಳು. ಕಲ್ಯಾಣಮ್ಮ ಹಿಂದಿನಿಂದ ನೋಡುತ್ತಿದ್ದ ಹಾಗೆ ಮುದುಕಿ ಊಟದ ಕೊನೆಯ ತುತ್ತನ್ನು ಬಾಯಿಗಿಡದೆ ತಟ್ಟೆಯ ನಡುವಿಗೆ ತಳ್ಳಿ, ಬೆರಳಿನಿಂದ ಒತ್ತಿ, ಹೆಸರಿನ ಒಂದಕ್ಷರವೂ ಕಾಣದ ಹಾಗೆ ಹರಡಿದಳು. ಪಕ್ಕದ ಹೆಂಗಸಿನ ತಟ್ಟೆಯಲ್ಲಿ ಒಂದು ಮೂಲೆ ಇಣುಕುತ್ತಿತ್ತು. ಅದಕ್ಕೂ ತಾನೇ ಸ್ವಲ್ಪ ಅನ್ನ ಎಳೆದು ಮುಚ್ಚಿದಳು.

"ಯಾಕಜ್ಜಿ, ಸೇರ್ಲಿಲ್ವಾ?" ಎಂದು ಕಲ್ಯಾಣಮ್ಮ ಕೇಳಿದಳು.

ಬಸಮ್ಮ ಬೆಚ್ಚಿ ತಿರುಗಿದಳು, ಆಮೇಲೆ ಸುಳ್ಳು ಹೇಳುವ ವಯಸ್ಸು ತನ್ನದಲ್ಲ ಎಂದುಕೊಂಡಳೋ ಏನೋ, ಅವಳ ಕೈ ಹಿಡಿದಳು. "ಊಟ ಬಂಗಾರ್ದಂಗೈತೆ ಕಣವ್ವ. ಹೊಸ್ದಾಗಿ ತಾಳಿ ಕಟ್ಟಿಸ್ಕಂಡಿರೋ ಮಗು ಅಲ್ಲಿ ಕೂತೈತೆ. ಇವತ್ತೊಂದಿನ ತಟ್ಟೇಲಿರೋ ಅಕ್ಷರ ನಮ್ ಕಣ್ಣಿಗೆ ಬೀಳ್ದಿದ್ರೆ ಒಳ್ಳೇದು ಅಂತ ಮುಚ್ಚಿಟ್ಟೆ. ನಿನ್ ಮಗಳ ಒಳ್ಳೇದಕ್ಕೇ ಕಣವ್ವ."

ಕಲ್ಯಾಣಮ್ಮ ಸಾಲಿನುದ್ದಕ್ಕೂ ತಟ್ಟೆಗಳನ್ನು ನೋಡಿದಳು. ಯಾರೂ ಅವಳ ಗಂಡನನ್ನು ಹೀಯಾಳಿಸಿರಲಿಲ್ಲ. ಎಲ್ಲರೂ ಶ್ವೇತಾಳ ಮುತ್ತೈದೆತನ ಕಾಯುತ್ತಿದ್ದರು, ಒಬ್ಬೊಬ್ಬರು ಒಂದೊಂದು ತುತ್ತು ಅನ್ನ ಹಾಕಿ. ಹಾಗೆ ಕಾಯ್ದ ಅನ್ನ ಹಿಂದೆ ಬಾನಿಯಲ್ಲಿ ತುಂಬಿ ಚೆಲ್ಲುತ್ತಿತ್ತು. ಪೇಪರ್ ಎಲೆಯ ಮದುವೆಗಳಲ್ಲೂ ಇಷ್ಟು ಅನ್ನ ಹಾಳಾದದ್ದನ್ನು ಹಿರೇಗದ್ದೆ ನೋಡಿರಲಿಲ್ಲ.

ಕೊನೆಯ ಪಂಕ್ತಿಯಲ್ಲಿ ಅವಳೇ ಕೂತಳು. ಹಟಕ್ಕೆ ಕೂತಳು. ಊರಿನವರು ಅನ್ನ ಬಿಟ್ಟರೆ ಬಿಡಲಿ, ಕಟ್ಟಿಕೊಂಡವಳು ನಾನು ಪೂರ್ತಿ ಉಣ್ಣುತ್ತೇನೆ, ತೊಳೆದು ಕುಡಿಯುತ್ತೇನೆ, ಎಲ್ಲರೂ ನೋಡಲಿ ಎಂದು ಗಬಗಬ ಉಂಡಳು. ಅಂಚಿನಿಂದ ಶುರು ಮಾಡಿ ನಡುವಿಗೆ ಬಂದಳು. ಎರಡು ತುತ್ತಿನಷ್ಟು ಉಳಿದಿರುವಾಗ ತಲೆಯೆತ್ತಿದರೆ ಎದುರಿಗೆ ವೇದಿಕೆ, ವೇದಿಕೆಯ ಮೇಲೆ ಶ್ವೇತಾ. ಯಾರೋ ಏನೋ ಅಂದಿದ್ದಕ್ಕೆ ಸಂಜಯನ ಕಡೆ ತಿರುಗಿ ನಗುತ್ತಿದ್ದಳು. ಕುತ್ತಿಗೆಯಲ್ಲಿ ತಾಳಿಯ ಅರಿಶಿನ ಇನ್ನೂ ಹಸಿಯಾಗಿತ್ತು.

ಕಲ್ಯಾಣಮ್ಮನ ಕೈ ತಟ್ಟೆಯ ಮೇಲೆ ನಿಂತಿತು. ಮುಂದಕ್ಕೆ ಹೋಗಲಿಲ್ಲ. ಎಷ್ಟು ಗದರಿಸಿಕೊಂಡರೂ ಹೋಗಲಿಲ್ಲ. ಅವಳು ಆ ಎರಡು ತುತ್ತನ್ನು ಹಾಗೇ ಬಿಟ್ಟು, ಬೆರಳಿನಿಂದ ಸ್ವಲ್ಪ ಹರಡಿ, ಎದ್ದು ಕೈ ತೊಳೆದಳು. ಮದುವೆಯಾದಾಗಿನಿಂದ ತಟ್ಟೆಯಲ್ಲಿ ಅನ್ನ ಬಿಟ್ಟು ಎದ್ದದ್ದು ಅವಳಿಗೆ ಅದೇ ಮೊದಲು. ನಾಚಿಕೆಯಾಯಿತು, ಊರಿನ ಮೇಲಿದ್ದ ಸಿಟ್ಟೆಲ್ಲ ಇಳಿದು ಹೋಯಿತು. ಊರಿನ ಮೇಲೆ ಸಿಟ್ಟಿಲ್ಲದೆ ಬದುಕುವುದು ಹೇಗೆಂದು ಅವಳಿಗೆ ಗೊತ್ತಿರಲಿಲ್ಲ, ಅದಕ್ಕೆ ಬಾನಿಯ ಮುಂದೆ ಕೂತು ಎಲ್ಲರ ಜೊತೆ ತಟ್ಟೆ ತೊಳೆದಳು. ರಾಜಶೇಖರ ಡಿಕ್ಕಿಯ ಮಾತು ಎತ್ತಲಿಲ್ಲ. ಅಷ್ಟರ ಮಟ್ಟಿಗೆ ಒಳ್ಳೆಯವನು.

ಮಗಳನ್ನು ಮಗ್ಗೆಗೆ ಕಳಿಸಿ, ಕರೆಸಿ, ಮತ್ತೆ ಕಳಿಸಿದ ಮೇಲೆ ಕಲ್ಯಾಣಮ್ಮ ತಟ್ಟೆಗಳನ್ನು ಜೀಪಿಗೆ ಹೇರಿಕೊಂಡು ಸಕಲೇಶಪುರದ ಅದೇ ಅಂಗಡಿಗೆ ಹೋದಳು. ಹೆಸರು ಉಜ್ಜಿ ತೆಗೆಯಬೇಕು ಎಂದಳು. ಅಂಗಡಿಯವನಿಗೆ ಆಶ್ಚರ್ಯವಾದ ಹಾಗೆ ಕಾಣಲಿಲ್ಲ.

"ಅಮ್ಮ, ಒಂದ್ ಮಾತು. ಮೇಲಿನ ಲಿಂಗೈಕ್ಯ, ಕೆಳಗಿನ ಸ್ಮರಣಾರ್ಥ ಮಾತ್ರ ತೆಗೀತೀನಿ. ಯಜಮಾನ್ರ ಹೆಸ್ರು ಇರ್ಲಿ. ಬರೀ ಹೆಸ್ರು ಇದ್ರೆ ಯಾರಿಗೇನು?"

ಇದು ಅವಳಿಗೆ ಹೊಳೆದಿರಲಿಲ್ಲ. ಆಸೆಯಾಯಿತು. ಬರೀ ಮಹಾದೇವಯ್ಯ ಎಂದಿದ್ದರೆ ಅಂಗಡಿಗೆ ಹೋದವನು ಸಂಜೆ ಬರುತ್ತಾನೆ ಎನ್ನುವ ಹಾಗೆ ಇರುತ್ತದೆ. ಅವಳು ಅಲ್ಲೇ ಸ್ಟೂಲಿನ ಮೇಲೆ ಕೂತು ಒಂದು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳಿನಿಂದ ಮೇಲಿನ ಸಾಲು ಮುಚ್ಚಿ ನೋಡಿದಳು, ಕೆಳಗಿನದನ್ನು ಮುಚ್ಚಿ ನೋಡಿದಳು. ಹೊರಗೆ ಘಾಟಿ ಇಳಿಯುವ ಲಾರಿಗಳು ಒಂದರ ಹಿಂದೊಂದು ಹೋಗುತ್ತಿದ್ದವು.

"ಬ್ಯಾಡ ಕಣಪ್ಪ," ಎಂದಳು ಕೊನೆಗೆ. "ಊರಿಗೆಲ್ಲ ಗೊತ್ತೈತೆ ಅವ್ರು ಹೋಗವ್ರೆ ಅಂತ. ಹೆಸ್ರು ಇದ್ರೆ ಮತ್ತೆ ಅದರ್ ಮೇಲೆ ಅನ್ನ ಹಾಕಿ ಮುಚ್ತಾರೆ. ಯಜಮಾನ್ರಿಗೆ ತಟ್ಟೇಲಿ ಅನ್ನ ಬಿಟ್ರೆ ಆಗಾಕಿಲ್ಲ. ಪೂರ್ತಿ ತೆಗ್ದುಬುಡು."

ಅವನು ಯಂತ್ರ ಹಚ್ಚಿದ. ಮೊದಲ ತಟ್ಟೆಯ ಹೆಸರು ಹೋಗುವವರೆಗೆ ಅವಳು ನೋಡಿದಳು, ಮಿಕ್ಕದ್ದಕ್ಕೆ ಹೊರಗೆ ಹೋಗಿ ನಿಂತಳು.

ಮುಂದಿನ ಲಗ್ನಗಳಲ್ಲಿ ಮೊದಲನೆಯದು ಶಿವಲೀಲಾಳ ಮಗನದು. ಅವಳು ಬಂದು ತಟ್ಟೆ ಕೇಳಿದಳು, ಏನೂ ಆಗದ ಹಾಗೆ. ಕಲ್ಯಾಣಮ್ಮ ಏನೂ ಆಗದ ಹಾಗೆ ಕೊಟ್ಟಳು. ಆಮೇಲೆ ಇನ್ನೊಬ್ಬರು ಕೇಳಿದರು, ಇನ್ನೊಬ್ಬರು. ಕ್ಯಾಟರಿಂಗ್‌ನವರು, ಬೀಗರು, ಭಾರ, ತೊಳೆಯುವುದು, ಇವ್ಯಾವುದೂ ಯಾರಿಗೂ ಅಡ್ಡ ಬರಲಿಲ್ಲ. ಆ ವರ್ಷ ನಾಟಿಯ ಹೊತ್ತಿಗೆ ಗದ್ದೆಯಲ್ಲಿ ಹೆಕ್ಕುವುದು ಏನೂ ಇರಲಿಲ್ಲ. ಪ್ಲಾಸ್ಟಿಕ್ ಇಲ್ಲದ ಊರು ಎಂದು ಹಿರೇಗದ್ದೆ ಸುತ್ತಮುತ್ತ ಹೆಸರು ಮಾಡಿತು. ಸಭೆಗಳಲ್ಲಿ ಈ ಸಾಧನೆಯನ್ನು ಮೂವರು ತಮ್ಮದು ಎಂದು ಹೇಳಿಕೊಂಡರು, ನಾಲ್ಕನೆಯವರು ಅದನ್ನೇ ಹೇಳಿಕೊಂಡು ಚುನಾವಣೆಗೆ ನಿಲ್ಲುವವರಿದ್ದರು.

ಅಂಥದೇ ಒಂದು ಮದುವೆಯಲ್ಲಿ ಕಲ್ಯಾಣಮ್ಮ ಪಂಕ್ತಿಗೆ ಅನ್ನ ಬಡಿಸುತ್ತಿದ್ದಳು. ಮಾರನಹಳ್ಳಿಯಿಂದ ದಿಬ್ಬಣದ ಜೊತೆ ಬಂದಿದ್ದ ಒಬ್ಬಳು ಹುಡುಗಿ, ನವ್ಯಶ್ರೀ ಎಂದು ಪಕ್ಕದವರು ಕರೆಯುತ್ತಿದ್ದರು, ಮೊದಲ ಸುತ್ತಿನ ಅನ್ನ ಮುಗಿಸಿ ತಟ್ಟೆ ನೋಡುತ್ತಾ ಕೂತಿದ್ದಳು. ಉಜ್ಜಿದ ಜಾಗ ನಡುವೆ ದುಂಡಗೆ, ಸುತ್ತಲಿಗಿಂತ ಹೆಚ್ಚು ಹೊಳೆಯುತ್ತಿತ್ತು. ಅದರಲ್ಲಿ ಅವಳು ತನ್ನ ಮೂಗುತಿ ನೋಡಿಕೊಂಡಳು.

"ತಟ್ಟೆ ಎಷ್ಟ್ ಚೆನ್ನಾಗವೆ ಆಂಟಿ. ನಮ್ಮೂರಲ್ಲೂ ಹಿಂಗೆ ಮಾಡ್ಬೇಕು ಅಂತ ಮಾತಾಡ್ತಾ ಅವ್ರೆ. ಯಾರವು ಇವು?"

ಕಲ್ಯಾಣಮ್ಮ ಬಾಯಿ ತೆರೆದಳು. ಹೆಸರು ನಾಲಿಗೆಯ ತುದಿಯವರೆಗೆ ಬಂತು. ಪಂಕ್ತಿಯ ಕೊನೆಯಲ್ಲಿ ಮದುಮಕ್ಕಳು ಒಬ್ಬರಿಗೊಬ್ಬರು ತುತ್ತು ಕೊಡುತ್ತಿದ್ದರು, ಎಲ್ಲರೂ ಅತ್ತ ನೋಡಿ ನಗುತ್ತಿದ್ದರು.

"ಊರಿನವು ಕಣಮ್ಮ," ಎಂದಳು.

ಹೇಳಿದ ಮೇಲೆ ಅವಳಿಗೆ ಗಂಡ ಎರಡನೆಯ ಸಲ ತೀರಿಕೊಂಡ ಹಾಗಾಯಿತು, ಈ ಸಲ ತಾನೇ ಕಳಿಸಿಕೊಟ್ಟ ಹಾಗೆ. ಹುಡುಗಿ ತಟ್ಟೆಯನ್ನು ಮುಂದೆ ತಳ್ಳಿ ಇನ್ನೊಂದು ಸ್ವಲ್ಪ ಎಂದಳು. ಕಲ್ಯಾಣಮ್ಮ ಸೌಟು ತುಂಬ ಅನ್ನ ಹಾಕಿ ಮುಂದಿನ ತಟ್ಟೆಗೆ ಹೋದಳು.